ಏಳು ಕೊಡದ ಮಾತು

ಹಾಸನದ ಜಿಲ್ಲಾ ಪಂಚಾಯ್ತಿ ಸಭೆಯಲ್ಲಿ
ಐದು ನಿಮಿಷ ಮಾತಾಡಬೇಕಂತೆ ನಾನು.
ಪಿಡಿಒ ಸಾಹೇಬರು ಕಾಗದ ಓದಿದರು:
‘ವಿಷಯ: ಕೊನೆಯ ಮನೆಗೂ ನೀರು.
ಮಂಡಿಸುವವರು: ಓಂಕಾರಪ್ಪ, ನೀರುಗಂಟಿ.’
ಇಪ್ಪತ್ತೆರಡು ವರ್ಷ ವಾಲ್ವು ತಿರುವಿದ ಕೈ
ಅವತ್ತು ಬೆವರಿತು.

ಗ್ರಂಥಾಲಯದ ಮುಬೀನ ಮೇಡಂ
ಹದಿನಾಲ್ಕು ಸ್ಲೈಡು ಮಾಡಿಟ್ಟಿದ್ದರು.
ಟ್ಯಾಂಕಿನ ಚಿತ್ರ, ಪೈಪಿನ ನಕ್ಷೆ,
ಒಂದರಲ್ಲಿ ಬರೀ ಅಂಕಿ, ಇರುವೆ ಸಾಲಿನ ಹಾಗೆ.
ಓದಿದೆ. ಹತ್ತೊಂಬತ್ತು ನಿಮಿಷ.
ಎದುರು ಪೇಪರು ಹಿಡಿದಿದ್ದ ರಿಟೈರ್ಡ್ ಮೇಷ್ಟ್ರು
ಪೇಪರು ಮಡಚಿರಲಿಲ್ಲ,
ಕಣ್ಣು ಮಾತ್ರ ಮುಚ್ಚಿದ್ದರು.

ಐದು ನಿಮಿಷ ಅಂದರೆ ಎಷ್ಟು?
ಗಡಿಯಾರ ನನಗೆ ಹೇಳಲಿಲ್ಲ.
ಬೆಳಿಗ್ಗೆ ಎರಡನೇ ಬೀದಿಯ ನಲ್ಲಿ ಹತ್ತಿರ ನಿಂತು ಎಣಿಸಿದೆ:
ಕೊಡ ತುಂಬಲು ನಲವತ್ತು ಸೆಕೆಂಡು,
ಎತ್ತಿ ಇನ್ನೊಂದು ಇಡಲು ಮೂರು.
ಐದು ನಿಮಿಷಕ್ಕೆ ಏಳು ಕೊಡ,
ಒಂದು ಸೆಕೆಂಡು ಸಾಲ.
ಎಂಟನೆಯದು ಚರಂಡಿಗೆ.

ಮತ್ತೆ ಮೇಡಂ ಪಕ್ಕ ಕೂತು ಒಂದೊಂದೇ ತೆಗೆಸಿದೆ.
ಟ್ಯಾಂಕು ಬೇಡ, ಅವರೂರಲ್ಲೂ ಟ್ಯಾಂಕಿದೆ.
ಇರುವೆ ಸಾಲು ಬೇಡ, ಕೇಳಿದರೆ ಬಾಯಲ್ಲೇ ಹೇಳುವೆ.
ಅಧ್ಯಕ್ಷರು ರಿಬ್ಬನ್ ಕತ್ತರಿಸುವ ಫೋಟೊ ಬೇಡ ಅಂದೆ;
ಮೇಡಂ ಬಾಗಿಲ ಕಡೆ ನೋಡಿ
ಅದನ್ನು ಕೊನೆಗೆ ಸರಿಸಿದರು,
ಅಳಿಸಲಿಲ್ಲ.
ಅದೂ ಸೇರಿ ಉಳಿದದ್ದು ನಾಲ್ಕು.
ಒಂದು, ಊರ ಕೊನೆಯ ಕೆಂಚಮ್ಮನ ನಲ್ಲಿ:
ಹನ್ನೊಂದು ವರ್ಷ
ಮೇಕೆ ಕಟ್ಟುವುದಕ್ಕೆ ಆಗಿದ್ದ ನಲ್ಲಿ.

ರಾತ್ರಿ ಪಂಪ್‌ಹೌಸಿನಲ್ಲಿ ಮೋಟಾರಿಗೆ ಒಪ್ಪಿಸಿದೆ.
ಅದರ ಗುರ್ರನ್ನು ಮೀರಬೇಕೆಂದು ಕೂಗಿ ಕೂಗಿ
ಗಂಟಲು ಕಟ್ಟಿತು.
ಹೆಂಡತಿ ಮೆಣಸಿನ ಕಷಾಯ ಮುಂದಿಟ್ಟು ಅಂದಳು:
‘ಮೊದಲನೇ ಬೀದೀಲೇ ಪೂರ್ತಿ ಬಿಟ್ಟರೆ
ಕಡೇ ಮನೆಗೇನು ಉಳಿಯುತ್ತೆ?
ದಿನಾ ಜಗಳ ಆಡೋನು ನೀನೇ ಅಲ್ವಾ?’
ಬೀಗದ ಕೈ ಹಿಡಿದ ಹಾಗೆ
ಆ ಮಾತು ಹಿಡಿದು ಮಲಗಿದೆ.

ಅರಸೀಕೆರೆಯಲ್ಲಿ ಬಸ್ಸು ಬದಲಿಸಿ ಹಾಸನ.
ಸಭಾಂಗಣದ ತಂಪಿಗೆ ಮೊಣಕಾಲು ನಡುಗಿತು.
ತಂಪಿಗೇ ಅಂತ ಇಟ್ಟುಕೊಳ್ಳೋಣ.
ನನಗಿಂತ ಮುಂಚಿನವರು ಪರದೆಗೆ ಮುಖ ಮಾಡಿ
ನಮಗೆ ಬೆನ್ನು ಕೊಟ್ಟು
ಬರೆದದ್ದನ್ನೇ ಓದಿದರು.
ಆ ಬೆನ್ನಿನ ಅಂಗಿಗೆ ಇಸ್ತ್ರಿ ಚೆನ್ನಾಗಿತ್ತು.

ನನ್ನ ಹೆಸರು ಕರೆದರು.
ಬಾಯಿ ತೆರೆದೆ. ಬರೀ ಗಾಳಿ.
ಗೊತ್ತಿದ್ದದ್ದೇ: ಮೂರು ದಿನ ನಿಂತ ಪೈಪಿನಲ್ಲಿ
ಮೊದಲು ಬರುವುದು ಗಾಳಿ, ಬುಸ್ಸೆಂದು;
ಆಮೇಲೆ ತುಕ್ಕುನೀರು:
‘ಮಾನ್ಯ… ಮಾನ್ಯರಾದ… ವೇದಿಕೆ ಮೇಲಿನ…’
ಆಗ ಕೊಡ ಇಡಬಾರದು.
ಹರಿದು ಹೋಗಲಿ ಅಂತ ನಿಲ್ಲಬೇಕು.
ನಿಂತೆ.

ಕಡೇ ಸಾಲಿನಲ್ಲಿ, ಕಂಬದ ಮರೆಯಲ್ಲಿ,
ಕೆಂಪು ಸ್ವೆಟರಿನ ಒಬ್ಬಾಕೆ.
‘ಅಮ್ಮಾ, ಅಲ್ಲಿಗೆ ಬರ್ತಾ ಇದೆಯಾ?’
ಇಲ್ಲ ಎಂದು ಕೈಯಾಡಿಸಿದಳು.
ಮುಂದಿನ ಸಾಲಿನ ಸಾಹೇಬರ ಕಡೆ ಒಂದು ಸುತ್ತು ತಿರುವಿ
ಅವಳ ಕಡೆಗೆ ಬಿಟ್ಟೆ.

ನಾಲ್ಕನೇ ಕೊಡಕ್ಕೆ ಕೆಂಚಮ್ಮನ ನಲ್ಲಿ ಬಂತು ಪರದೆಗೆ.
‘ಈಗ ಮೇಕೆಗೆ ಬೇರೆ ಗೂಟ ಹುಡುಕ್ತಾ ಇದ್ದಾಳೆ’ ಅಂದೆ.
ನಕ್ಕರು. ನಗು ಕಂಬದವರೆಗೂ ಹೋಯಿತು,
ಒತ್ತಡ ಕಡಿಮೆಯಾಗದೆ.

ಆರಕ್ಕೇ ನಿಲ್ಲಿಸಿದೆ.
ಏಳನೇ ಕೊಡ ಖಾಲಿ ಇಟ್ಟು ಕಾದೆ.
ಬಹಳ ಹೊತ್ತು ಅನ್ನಿಸಿತು.
ಸ್ವೆಟರಿನಾಕೆ ಎದ್ದಳು: ‘ಮೊದಲನೇ ಬೀದಿಗೆ ಎಷ್ಟು ಸುತ್ತು?’
‘ಎರಡೂ ಮುಕ್ಕಾಲು.
ಕಾಲು ಸುತ್ತು ಜಾಸ್ತಿಯಾದರೆ ಎಲ್ಲ ಅವರೇ ಕುಡಿದುಬಿಡ್ತಾರೆ.’
ಅಂಗೈ ಮೇಲೆ ಬರೆದುಕೊಂಡಳು.
ಚಪ್ಪಾಳೆ ಎಷ್ಟಾಯಿತೋ ಗಮನಿಸಲಿಲ್ಲ;
ತಿರುಗಿ ನೋಡಿದರೆ ನನ್ನ ಬೆನ್ನ ಹಿಂದೆ
ಗೋಡೆಯಗಲ ಅಧ್ಯಕ್ಷರು,
ಕೈಯಲ್ಲಿ ಕತ್ತರಿ.

ಊರು ತಲುಪಿದಾಗ ಕತ್ತಲಾಗಿತ್ತು.
ಕೆಂಚಮ್ಮ ಕೊಡ ಮಗುಚಿ ಅದರ ಮೇಲೆ ಕೂತಿದ್ದಳು.
‘ಎಲ್ಲಿ ಹೋಗಿದ್ದೆಯೋ?’
‘ನಿನ್ನ ನಲ್ಲಿ ವಿಚಾರ ಮಾತಾಡೋಕೆ, ಹಾಸನಕ್ಕೆ.’
ಎದ್ದು ಕೊಡ ನೆಟ್ಟಗೆ ಮಾಡಿದಳು.
‘ಮಾತು ಬಿಡು,
ನೀರು ಬಿಡು.’