ನಲವತ್ತೊಂದು ಬಸಿ

ಸೆತೂಬಲ್ಲಿನಲ್ಲಿ, ನದಿ ಕಡಲಿಗೆ ಬೀಳುವ ಕಡೆ,
ಹಿಂದೆ ಸಾರ್ಡೀನ್ ಮೀನು ಡಬ್ಬಿಗೆ ತುಂಬುತ್ತಿದ್ದ ಕಾರ್ಖಾನೆ
ಈಗ ಕಲೆಯ ಮನೆ.
ಎರಡನೆಯ ಹಜಾರದ ಕಾವಲು ನನ್ನದು:
ಒಂದು ಕುರ್ಚಿ, ಒಂದು ನೀಲಿ ಕೋಟು,
ಮುಟ್ಟಬೇಡಿ ಎನ್ನುವ ಕೆಲಸ.

ಈ ಚಳಿಗಾಲ ನೆಲದ ಮೇಲೆ ನಲವತ್ತೊಂದು ಬಸಿ ಇಟ್ಟಿದ್ದಾರೆ.
ಕಪ್ಪಿಲ್ಲ, ಬರೀ ಬಸಿ.
ಅಂಚು ಮುಕ್ಕಾದದ್ದು, ಹೂವಿನದು, ಯಾವುದೋ ಹೋಟೆಲಿನ ಹೆಸರಿನದು.
ಬಂದವರೆಲ್ಲ ಮೊದಲು ಕೆಳಗೆ ನೋಡುತ್ತಾರೆ,
ಆಮೇಲೆ ತಪ್ಪದೆ ಮೇಲೆ.
ಮೇಲೆ ಏನೂ ಇಲ್ಲ. ಒಣ ಗಾರೆ. ಹೋದ ವರ್ಷ ಸುಣ್ಣ ಬಳಿದದ್ದು.
ಆದರೂ ಒಬ್ಬ ಹುಡುಗ ಅಂಗೈ ಚಾಚಿ ನಿಂತ, ತುಂಬ ಹೊತ್ತು.

ಝುಲ್ಮಿರಾಳ ಅಣ್ಣ ಫಿರ್ಮಿನೊಗೆ ಮೆದುಳಲ್ಲೊಂದು ನರ ಒಡೆದ ಮೇಲೆ
ಸೂರು ಸೋರತೊಡಗಿತು. ಅವನೊಬ್ಬನಿಗೆ.
ಮೊದಲ ವರ್ಷ ಅವಳು ವಾದಿಸಿದಳು.
ಏಣಿ ತಂದಳು, ಗಾರೆಯವನನ್ನು ಕರೆಸಿದಳು,
ಅಣ್ಣನ ಕೈ ಹಿಡಿದು ಗೋಡೆಗೆ ಒತ್ತಿದಳು: ನೋಡು, ಒಣಗಿದೆ.
ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಎರಡನೆಯ ವರ್ಷ ಅವನು ಬೆರಳು ತೋರಿದಲ್ಲೆಲ್ಲ ಬಸಿ ಇಟ್ಟಳು.
ಮಲಗಿದ. ಬೆಳಗ್ಗೆ ಎದ್ದು ನೋಡಿದರೆ ಬಸಿ ಖಾಲಿ;
ಆಗ ಅವಳತ್ತ ತಿರುಗಿದ ಅವನ ಮುಖ—
ಅದನ್ನು ಹೇಳುವುದಿಲ್ಲ ಎಂದಳು, ಉದ್ಘಾಟನೆಯ ದಿನ, ಮೈಕು ಪಕ್ಕಕ್ಕಿಟ್ಟು.
ಮೂರನೆಯ ವರ್ಷದಿಂದ ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಿದ್ದಳು,
ಬರಿಗಾಲಲ್ಲಿ, ದೀಪ ಹಾಕದೆ,
ಒಂದೊಂದಕ್ಕೂ ಒಂದೊಂದು ಚಮಚ ನೀರು.
ಸುಳ್ಳಿಗೆ ನೀರೆರೆದು ಸಾಕಿದಳು ಒಂಬತ್ತು ವರ್ಷ.
ನಾನು ಹೇಳಲಿಲ್ಲವೇ, ಎನ್ನುತ್ತಿದ್ದನಂತೆ ಫಿರ್ಮಿನೊ,
ಬ್ರೆಡ್ಡನ್ನು ಕಾಫಿಗೆ ಅದ್ದುತ್ತ.

ಕರಾರಿನಲ್ಲಿ ಬರೆದಿದೆ: ಬಾಗಿಲು ತೆರೆಯುವ ಮುನ್ನ ಕಾವಲಿನವರು
ಪ್ರತಿ ಬಸಿಗೂ ಒಂದು ಚಮಚ ನೀರು ಹಾಕತಕ್ಕದ್ದು.
ಮೊದಲ ವಾರ ನಕ್ಕೆ. ಇದಕ್ಕೂ ಸಂಬಳ ಕೊಡುತ್ತಾರಲ್ಲ.
ಎಂಟು ನಿಮಿಷದ ಕೆಲಸ, ಮೊಣಕಾಲು ನೋವು ಬೇರೆ.

ನಮ್ಮತ್ತೆ ಎರ್ಮೆಲಿಂಡಾ ಇದೇ ಕಟ್ಟಡದಲ್ಲಿ
ಮೂವತ್ತು ವರ್ಷ ಮೀನಿನ ತಲೆ ಕತ್ತರಿಸಿದವಳು.
ಕೊನೆಗಾಲದಲ್ಲಿ ಕಾರ್ಖಾನೆಯ ಸೈರನ್ ಕೇಳಿಸಿತೆಂದು
ರಾತ್ರಿ ಎದ್ದು ಏಪ್ರನ್ ಹುಡುಕುವಳು.
ದೋಣಿ ಬಂದಿದೆ, ಮೀನು ಕಾಯುವುದಿಲ್ಲ.
ನಾನು ಹೇಳಿದೆ: ಕಾರ್ಖಾನೆ ಮುಚ್ಚಿದೆ.
ಹೇಳಿದೆ: ನಿನಗೆ ಎಂಬತ್ತಾರು.
ಪತ್ರಿಕೆ ತೋರಿಸಿದೆ, ಕ್ಯಾಲೆಂಡರ್ ತೋರಿಸಿದೆ,
ಒಂದು ರಾತ್ರಿ ಕನ್ನಡಿಯನ್ನೂ ತೋರಿಸಿದೆ.
ಪ್ರತಿ ಸಲವೂ ನಾನೇ ಗೆದ್ದೆ.
ಏಪ್ರನ್ ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲೇ ಇತ್ತು.

ಒಬ್ಬ ವಿಮರ್ಶಕ ಬಂದು, ಬಗ್ಗಿ, ಏನೋ ಬರೆದುಕೊಂಡ;
ವಿವೇಕದ ಮಿತಿ ಎಂದೇನೋ ಪತ್ರಿಕೆಯಲ್ಲಿ ಬಂತು.
ಇರಬಹುದು. ನಾನು ನೋಡಿದ್ದು ಇಷ್ಟು:
ಸಂಜೆಯ ಹೊತ್ತಿಗೆ ನೀರು ಆರಿ
ಬಸಿಯ ತಳದಲ್ಲಿ ಉಗುರಿನಷ್ಟು ಬಿಳಿ ಗೆರೆ ಉಳಿಯುತ್ತದೆ.
ಒರೆಸಬೇಕೆಂದು ಕರಾರಿನಲ್ಲಿಲ್ಲ. ಒರೆಸುವುದಿಲ್ಲ.

ಸೋಮವಾರ ನಮಗೆ ರಜೆ.
ನಿನ್ನೆ ಸೋಮವಾರ. ಬೀಗದ ಕೈ ತೆಗೆದುಕೊಂಡು ಹೊರಟಾಗ
ಹಾಸಿಗೆಯಿಂದಲೇ ಗಂಡ ಕೇಳಿದ, ಎಲ್ಲಿಗೆ, ಇಷ್ಟು ಹೊತ್ತಿಗೆ?
ಸೋರುತ್ತಿದೆ, ಎಂದೆ.
ಅವನು ಎರ್ಮೆಲಿಂಡಾಳ ಮಗ.
ಸ್ವಲ್ಪ ಹೊತ್ತು ಸುಮ್ಮನಿದ್ದು,
ಚಮಚ ಇಟ್ಟುಕೊಂಡಿದ್ದೀಯಾ, ಎಂದ.