ಹಿಂತಿರುಗಿ ನೋಡುವ ವರಸೆ

ಇಪ್ಪತ್ತೊಂಬತ್ತು ವರ್ಷ ಟ್ರಾಮ್ ಓಡಿಸಿದವಳು ನಾನು,
ದಾಲ್ಯಾನ್ ಪಟ್ಟಣದಲ್ಲಿ, ಕಡಲಿನಿಂದ ಗುಡ್ಡಕ್ಕೆ, ಗುಡ್ಡದಿಂದ ಕಡಲಿಗೆ.
ಹಿಂದೆ ಏನಾಗುತ್ತಿದೆ ಎಂದು
ಅಂಗೈಯಗಲದ ಕನ್ನಡಿ ಹೇಳುತ್ತಿತ್ತು.
ಕತ್ತು ತಿರುಗಿಸುವುದು ನಿಯಮಕ್ಕೇ ವಿರುದ್ಧ.
ನಿವೃತ್ತಿಯಾದರೂ ಕತ್ತು ನಿಯಮ ಮರೆತಿಲ್ಲ:
ಯಾರಾದರೂ ಕರೆದರೆ
ಬೀರು ಸರಿಸಿದ ಹಾಗೆ ಇಡೀ ಮೈಯನ್ನೇ ತಿರುಗಿಸಬೇಕು.

ಲ್ವಾನ್ ವೈದ್ಯರ ಅಂಗಡಿಯ ಗೋಡೆ ತುಂಬ ಸಣ್ಣ ಸಣ್ಣ ಖಾನೆಗಳು,
ಒಂದೊಂದರಲ್ಲೂ ಒಣಗಿದ ಒಂದು ಬೆಟ್ಟ.
ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು
ಮುಚ್ಚಿದ ಬಾಗಿಲಾಚೆಯ ಮಾತು ಕದ್ದು ಕೇಳುವವರಂತೆ ಕೂತರು.
"ನಾಲಿಗೆ ಚಾಚಿ."
ಎಪ್ಪತ್ತೆರಡರಲ್ಲಿ ಇಂಥ ಅವಕಾಶ ಬಿಡುವುದುಂಟೆ? ಚಾಚಿದೆ.
"ನಿದ್ದೆ?"
ಮೂರಕ್ಕೇ ಎಚ್ಚರ. ಡಿಪೋ ಗಂಟೆ ಇನ್ನೂ ಕಿವಿಯೊಳಗೇ ಇದೆ.
"ಬಿಪಿ ಮಾತ್ರೆ ಬಿಟ್ಟೀರಿ, ಜೋಕೆ. ನಾನೂ ನುಂಗುತ್ತೇನೆ"
ಎನ್ನುತ್ತಾ ಖಾನೆಗಳನ್ನು ಎಳೆದರು:
ಒಣ ಎಲಚಿ, ಹಳೇ ಕಿತ್ತಳೆ ಸಿಪ್ಪೆ,
ಹೆಸರು ಕೇಳಿದ್ದೂ ಮರೆತುಹೋದ ಒಂದು ಬೇರು.
ಚೀಟಿಯ ಕೊನೆಯಲ್ಲಿ ಬರೆದದ್ದು ಮದ್ದಲ್ಲ:
ಬೆಳಿಗ್ಗೆ ಆರು. ಪಾರ್ಕು.

ಮೂರು ಬಟ್ಟಲು ಒಂದಾಗುವ ತನಕ ಕುದಿಸಿದೆ.
ಮನೆಯೆಲ್ಲ ನೆಂದ ಮರದ ವಾಸನೆ.
ಮೇಲ್ಮನೆಯ ಹುಡುಗ ಮೂಗು ಹಿಡಿದು ಮೆಟ್ಟಿಲಿಳಿದ.

ಎಂಟು ತುಂಡು ರೇಷ್ಮೆ ಅಂತೆ, ಈ ವ್ಯಾಯಾಮದ ಹೆಸರು.
ನನ್ನ ಮೊದಲ ತುಂಡು ಗೋಣಿತಟ್ಟು.
ಎರಡೂ ಕೈಯೆತ್ತಿ ಆಕಾಶ ಹೊರಬೇಕಾದಲ್ಲಿ
ಭುಜ ಲಟಕ್ಕೆಂದಿತು.
"ಗಾಳಿಯನ್ನು ನೂಕಬೇಡಿ, ದಾರಿ ಕೇಳಿ"
ಎನ್ನುತ್ತಾರೆ ಯೂ ಮಾಸ್ತರು, ಬಂದರಿನಲ್ಲಿ ಕ್ರೇನ್ ಆಡಿಸುತ್ತಿದ್ದವರು.
ದಾರಿ ಕೇಳುವಷ್ಟು ಪುರುಸೊತ್ತು ನನಗೆಲ್ಲಿತ್ತು?
ಬಲಗಾಲು ಹುಲ್ಲಿನಲ್ಲಿ
ಬ್ರೇಕು ಹುಡುಕುತ್ತಲೇ ಇತ್ತು.

ನಾಲ್ಕನೆಯದು ಹಿಂತಿರುಗಿ ನೋಡುವ ವರಸೆ.
ಕಾಲು ಅಲ್ಲೇ, ಸೊಂಟ ಅಲ್ಲೇ, ಉಸಿರಿನ ಜೊತೆ ಕತ್ತು ಮಾತ್ರ.
ಮೊದಲ ವಾರ ಕಂಡದ್ದು ನನ್ನದೇ ಭುಜ.
ಆಮೇಲೆ ಒಂದು ಮರ.
ಹನ್ನೊಂದನೆಯ ದಿನ ಹೆಬ್ಬೆರಳಿನಷ್ಟು ಹೆಚ್ಚು ತಿರುಗಿತು:
ಹಿಂದಿನ ಸಾಲಿನಲ್ಲಿ ನೀಲಿ ಕೈಗವಸಿನ ಹೆಂಗಸು
ನನ್ನನ್ನೇ ನೋಡುತ್ತಿದ್ದಳು.

"ಎಂಬತ್ತೇಳರ ಚಳಿಗಾಲ, ಮೀನು ಪೇಟೆಯ ನಿಲ್ದಾಣ.
ಕೂಸನ್ನೆತ್ತಿ ಓಡಿ ಬಂದೆ.
ಕನ್ನಡಿಯಲ್ಲಿ ನೋಡಿದಿರಿ. ಹೊರಟಿರಿ."

ನೋಡಿದ್ದೆ.
ಎರಡು ನಿಮಿಷ ತಡವಾಗಿತ್ತು ಅವತ್ತು.
ನೆನಪಿತ್ತು ಎಂದರೂ ಸುಳ್ಳು,
ಮರೆತಿದ್ದೆ ಎಂದರೂ.
"ಕೂಸು?" ಎಂದೆ.
"ಅದರ ತಲೆ ಈಗ ಬೋಳು" ಎಂದಳು ಶೆಂಗ್ ಫೆಂಗ್‌ಚಿನ್,
ಎಂದು ನಕ್ಕಳು. ನಗುತ್ತಾ ಒಂದು ತೋಳು ತಪ್ಪಿಸಿದಳು.

ಕತ್ತು ಇನ್ನೂ ಪೂರ್ತಿ ತಿರುಗುವುದಿಲ್ಲ.
ವೈದ್ಯರು ಬೇರು ಬದಲಿಸಿದ್ದಾರೆ, ಕಹಿ ಬದಲಾಗಿಲ್ಲ.
ನಿದ್ದೆ ಈಗ ನಾಲ್ಕೂಕಾಲರವರೆಗೆ.
ಕೊನೆಯ ತುಂಡಿನಲ್ಲಿ ಹಿಮ್ಮಡಿ ಎತ್ತಿ ಬಿಡುತ್ತೇವೆ, ಏಳು ಸಲ:
ಹಳಿಯ ಸಂದು ದಾಟಿದ ಹಾಗೆ
ಬೆನ್ನಿನಲ್ಲಿ ಢಗ್, ಢಗ್.

ಮಂಜು ಬಿದ್ದ ದಿನ ಫೆಂಗ್‌ಚಿನ್ ತಡ ಮಾಡುತ್ತಾಳೆ.
ಗೇಟಿನ ಹತ್ತಿರ ನೀಲಿ ಕೈಗವಸು ಕಾಣುವ ತನಕ
ನಾನು ಕೈ ಎತ್ತುವುದಿಲ್ಲ.
ಯೂ ಮಾಸ್ತರು ಗಡಿಯಾರ ನೋಡುತ್ತಾರೆ.
ನೋಡಲಿ.