ಎಡ ರೆಕ್ಕಿಯ ಕೆಳಗ

ಸೋಲಾಪುರದಾಗ ಡಾಕ್ಟರನ ಗ್ವಾಡಿ ಮ್ಯಾಲೆ
ಚರ್ಮ ಸುಲಿದ ಮನಷ್ಯಾನ ಚಿತ್ರ,
ಒಂದೊಂದು ಸ್ನಾಯುವಿಗೂ ಮರಾಠಿ ಹೆಸರು.
ಪುತಳವ್ವಗ ಓದು ಬರೂದಿಲ್ಲ.
ಆಕಿ ಬೆರಳಿಗೆ ಬ್ಯಾರೇ ನಕಾಶೆ.

ಕುಸುಬಿ ಎಣ್ಣಿ ಬೆಚ್ಚಗ ಮಾಡಿ
ಕುತ್ತಿಗಿ ಬುಡದಾಗ ಹೆಬ್ಬೆರಳು ನಿಲ್ಲಿಸಿದಳು:
"ಇದು ಎಲಿ ಗಂಟು. ದಿನಾ ಸಾವಿರ ಬೀಡಿಗೆ ಬಾಗಿದ್ದು."
ಸೊಂಟದ ಬಲಕ್ಕ: "ಇದು ಕೊಡದ್ದು,
ನಳ ರಾತ್ರಿ ಎರಡಕ್ಕ ಬರತಾವು, ಹೌದಲ್ಲ?"
ಅಂಗೈಯ ಗುಡ್ಡ: "ಕತ್ತರಿ."
ಹೆಸರು ಕರೆದ ಕೂಡಲೇ
ಕಾರ್ಖಾನಿ ಹಾಜರಿಯಾಗ ನಿಂತಂಗ
ಒಂದೊಂದೂ ಎದ್ದು ನಿಂತು, ಸಡಿಲಾದವು.

ಎಡಗಡೆ ರೆಕ್ಕಿ ಎಲುಬಿನ ಕೆಳಗ
ಬೆರಳು ತಡೀತು. ಹಿಂದ ಸರೀತು. ಮತ್ತ ಬಂತು.
ಹುಣಸಿ ಬೀಜದಷ್ಟು.
"ಇದು ಕೆಲಸದ್ದಲ್ಲ" ಅಂದಳು.

ನಾ ಗ್ವಾಡಿಗೆ ಮುಖ ಮಾಡಿ ಮಲಗೂದು ಕಲಿತು
ಹನ್ನೊಂದು ವರ್ಷ. ಹೇಳಲಿಲ್ಲ.
ಆಕಿ ಕೇಳಲಿಲ್ಲ. ಬೀಜದ ಸುತ್ತ ಸುತ್ತ
ಎಣ್ಣಿ ತಿರುವಿದಳು,
ಒತ್ತಲಿಲ್ಲ.

ಹೊರಡುವಾಗ ಐವತ್ತು ಎಣಿಸಿಕೊಂಡು
ಹತ್ತು ಹಿಂದ ಕೊಟ್ಟಳು:
"ಅದೊಂದಕ್ಕ ಇನ್ನಾ ಹೆಸರು ಸಿಕ್ಕಿಲ್ಲ."